ಕಪ್ಪುಕುಳಿ ಗಂಟೆ ಹೊಡೆದರೆ ಹೇಗೆ ಕೇಳುತ್ತೆ?

1/9

ಮೊದಲ ಫೋಟೋದಲ್ಲಿ ಏನೂ ಕಾಣ್ತಿಲ್ಲ ಅಂತ ಕಾಮೆಂಟ್ ಹಾಕಬೇಡಿ. ಕಾಣಬಾರದು ಅಂತಲೇ ಹಾಕಿದ್ದು.

ಇದು ಆಲೂರು ಕಡೆಯ ನಮ್ಮ ಅಜ್ಜಿ ಮನೆ ಅಂಗಳ. ಜುಲೈ ತಿಂಗಳು, ಸಂಜೆ ಆರು ಗಂಟೆ. ಮಂಜು ಎಷ್ಟು ಇಳಿದಿದೆ ಅಂದ್ರೆ ಹತ್ತು ಮಾರು ಆಚೆಯ ಸಿಲ್ವರ್ ಮರ ಕೂಡ ಇಲ್ಲವೇ ಇಲ್ಲ ಅನ್ನೋ ಹಾಗಿದೆ. ದನಗಳು ಗುಡ್ಡದಿಂದ ಇಳಿದು ಬರ್ತಾ ಇವೆ. ಅಜ್ಜಿ ಜಗಲಿ ಮೇಲೆ ಕೂತುಕೊಂಡೇ ಲೆಕ್ಕ ಒಪ್ಪಿಸ್ತಾರೆ: "ಕೆಂಪಿ ಬಂತು. ಹಿಂದೆ ಗೌರಿ. ಆ ಕರಿ ಕರ ಇನ್ನೂ ಕೆರೆ ಹತ್ರಾನೇ ಐತೆ, ಹೋಗಿ ಹೊಡ್ಕೊಂಡು ಬಾ." ಒಂದು ದನವೂ ಕಣ್ಣಿಗೆ ಬಿದ್ದಿಲ್ಲ. ಬರೀ ಕೊರಳ ಗಂಟೆಯ ಸದ್ದು. ದೊಡ್ಡ ಗಂಟೆಗೆ ದಪ್ಪ ದನಿ, ಸಣ್ಣದಕ್ಕೆ ಕೀರಲು ದನಿ, ಸೀಳು ಬಿಟ್ಟಿದ್ದು ಟಕ್ ಅಂದು ಅಲ್ಲೇ ಸತ್ತುಹೋಗುತ್ತೆ. ಅಜ್ಜಿಗೆ ಅಷ್ಟು ಸಾಕು.

ಈ ಸರಣಿ ಅದರ ಬಗ್ಗೆಯೇ. ಕಣ್ಣಿಗೆ ಬೀಳದೇ ಇರೋ ಒಂದು ವಸ್ತು, ಅದನ್ನು ತಟ್ಟಿದರೆ ಹೇಗೆ ಮೊಳಗುತ್ತೆ ಅಂತ 1970ರಲ್ಲಿ ಲೆಕ್ಕ ಹಾಕಿ ಹೇಳಿದ ಒಬ್ಬರು ಬೆಂಗಳೂರಿನವರು, ಮತ್ತು ಆ ಮೊಳಗು ಭೂಮಿಗೆ ಕೇಳಿಸೋಕೆ ಹಿಡಿದ 45 ವರ್ಷ.

ಬರೆಯೋಕೆ ಕಾರಣ ಒಂದು ಸಣ್ಣ ಅವಮಾನ. ಹಿಂದೆ ಒಂದು ವಿಜ್ಞಾನ ಪ್ರದರ್ಶನದಲ್ಲಿ ನಾನು ಕಪ್ಪುಕುಳಿ ಬಗ್ಗೆ ಚಾರ್ಟ್ ಮಾಡಿದ್ದೆ. ಐನ್‌ಸ್ಟೈನ್, ಹಾಕಿಂಗ್, ಎಲ್ಲ ಹೆಸರೂ ಇದ್ದವು. ನೋಡೋಕೆ ಬಂದ ಹಿರಿಯರೊಬ್ಬರು "ನಮ್ಮವರು ಯಾರೂ ಇಲ್ವೇನಪ್ಪಾ?" ಅಂದರು. "ಚಂದ್ರಶೇಖರ್, ಸರ್" ಅಂದೆ. "ಸರಿ. ಕನ್ನಡದವರು?" ಬಾಯಿ ಬರಲಿಲ್ಲ. ಅವರಿಗೂ ಗೊತ್ತಿರಲಿಲ್ಲ ಅನ್ಸುತ್ತೆ, ನಕ್ಕು ಮುಂದಿನ ಟೇಬಲ್‌ಗೆ ಹೋದರು. ಆ ಪ್ರಶ್ನೆ ಮಾತ್ರ ನನ್ನ ಜೊತೆ ಮನೆಗೆ ಬಂತು.

2/9

ಫೋಟೋ 2: ಮುರಿದ ಬಾಳೆ ಗಿಡ, ತೋಟದ ಬೇಲಿ ಮೇಲೆ ಕೆಸರು.

ನಮ್ಮ ಸಕಲೇಶಪುರ, ಆಲೂರು ಕಡೆಯವರಿಗೆ ಈ ಫೋಟೋ ವಿವರಿಸೋದು ಬೇಡ. ರಾತ್ರಿ ಆನೆ ಬಂದು ಹೋಗಿದೆ. ಯಾರೂ ನೋಡಿಲ್ಲ. ಆದರೂ ಎಷ್ಟು ಬಂದಿದ್ದವು, ಮರಿ ಇತ್ತಾ, ಯಾವ ಕಡೆ ಹೋದವು ಅಂತ ಬೆಳಿಗ್ಗೆ ಎಲ್ಲರೂ ಹೇಳ್ತಾರೆ. ಮುರಿದ ಬಾಳೆ, ಹೆಜ್ಜೆ, ಲದ್ದಿ, ಬೇಲಿಗೆ ಮೈ ಉಜ್ಜಿದ ಎತ್ತರ. (ನಕ್ಷತ್ರ ನೋಡೋಕೆ ಅಂತ ರಾತ್ರಿ ಗುಡ್ಡ ಹತ್ತೋ ನನ್ನ ಆಸೆಗೆ ಮನೆಯಲ್ಲಿ ಬೈಗುಳ ಬೀಳೋದೂ ಇದೇ ಕಾರಣಕ್ಕೆ. ಅವರದ್ದು ತಪ್ಪಲ್ಲ.)

ಖಗೋಳ ವಿಜ್ಞಾನಿಗಳು ಕಪ್ಪುಕುಳಿಯನ್ನು ಮೊದಲು ಹಿಡಿದದ್ದೂ ಹೀಗೇ, ಅಕ್ಕಪಕ್ಕ ಆದ ಹಾನಿ ನೋಡಿ. ಹಂಸ ನಕ್ಷತ್ರಪುಂಜದಲ್ಲಿ ಸಿಗ್ನಸ್ ಎಕ್ಸ್-1 ಅಂತ ಒಂದು ಜಾಗ. ಅಲ್ಲಿಂದ ಜೋರು ಎಕ್ಸ್-ಕಿರಣ ಬರ್ತಿದೆ ಅನ್ನೋದು 1964ರಲ್ಲಿ ರಾಕೆಟ್ ಹಾರಿಸಿದಾಗ ಗೊತ್ತಾಯ್ತು. 1971ರ ಹೊತ್ತಿಗೆ ದೂರದರ್ಶಕದಲ್ಲಿ ನೋಡಿದರೆ, ಅಲ್ಲೊಂದು ದೈತ್ಯ ನೀಲಿ ನಕ್ಷತ್ರ 5.6 ದಿನಕ್ಕೊಂದು ಸುತ್ತು ಯಾವುದನ್ನೋ ಸುತ್ತುತ್ತಿದೆ, ಆದರೆ ಜೋಡಿ ಕಾಣ್ತಿಲ್ಲ. ನಕ್ಷತ್ರದಿಂದ ಅನಿಲ ಎಳೆದುಕೊಂಡು, ಸುತ್ತಿಸಿ, ಕಾಯಿಸಿ ನುಂಗ್ತಾ ಇರೋ ಜೋಡಿ. ಆ ಕಾದ ಅನಿಲದ ಕೂಗೇ ಎಕ್ಸ್-ಕಿರಣ. ಈಗಿನ ಲೆಕ್ಕದಲ್ಲಿ ಅದರ ತೂಕ ಸುಮಾರು 21 ಸೂರ್ಯರಷ್ಟು.

ನಮ್ಮ ಆಕಾಶಗಂಗೆಯ ನಡುಮಧ್ಯೆ ಇನ್ನೂ ದೊಡ್ಡದಿದೆ. ಅದನ್ನು ಹಿಡಿದವರು ಇಪ್ಪತ್ತು ವರ್ಷಕ್ಕೂ ಮೇಲೆ ಕೆಲವೇ ನಕ್ಷತ್ರಗಳನ್ನು ಬಿಡದೆ ನೋಡಿದರು. ಎಸ್2 ಅನ್ನೋ ಒಂದು ನಕ್ಷತ್ರ ಖಾಲಿ ಜಾಗವನ್ನು 16 ವರ್ಷಕ್ಕೊಮ್ಮೆ ಸುತ್ತಿ ಬಂತು. ಆ ಖಾಲಿ ಜಾಗದ ತೂಕ 40 ಲಕ್ಷ ಸೂರ್ಯರಷ್ಟು. ಗೆನ್ಜೆಲ್ ಮತ್ತು ಗೆಜ್ ಇಬ್ಬರಿಗೆ 2020ರಲ್ಲಿ ನೊಬೆಲ್ ಬಂತು.

2019ರ ಏಪ್ರಿಲ್‌ನಲ್ಲಿ ಎಲ್ಲರ ಸ್ಟೇಟಸ್‌ನಲ್ಲೂ ಇತ್ತಲ್ಲ, ಕಿತ್ತಳೆ ಉದ್ದಿನ ವಡೆ ಥರದ ಫೋಟೋ? ಅದು ಎಂ87 ಗ್ಯಾಲಕ್ಸಿಯದ್ದು. ನಡುವಿನ ಕಪ್ಪು, ಕಪ್ಪುಕುಳಿಯ ನೆರಳು. ಭೂಮಿಯ ಬೇರೆ ಬೇರೆ ಮೂಲೆಯ ರೇಡಿಯೋ ದೂರದರ್ಶಕಗಳು ಒಟ್ಟಿಗೆ ನೋಡಿದ್ದನ್ನು ಸೇರಿಸಿ ಮಾಡಿದ್ದು. ಡೇಟಾ ಎಷ್ಟಿತ್ತು ಅಂದ್ರೆ ಇಂಟರ್ನೆಟ್‌ನಲ್ಲಿ ಕಳಿಸೋಕಾಗದೆ ಹಾರ್ಡ್ ಡಿಸ್ಕ್‌ಗಳನ್ನೇ ವಿಮಾನದಲ್ಲಿ ಸಾಗಿಸಿದರು. ದಕ್ಷಿಣ ಧ್ರುವದ ಡಿಸ್ಕ್‌ಗಳಿಗೆ ಅಲ್ಲಿನ ಚಳಿಗಾಲ ಮುಗಿಯೋವರೆಗೆ ಕಾಯಬೇಕಾಯ್ತು.

ಇದೆಲ್ಲ ಬೆಳಕಿನ ದಾರಿ. ಅಜ್ಜಿಯ ದಾರಿ ಬೇರೆ, ಕಿವಿಯದು.

3/9

ಸ್ವಲ್ಪ ಹಿಂದಕ್ಕೆ ಹೋಗೋಣ.

1915ರ ಕೊನೆಗೆ ಐನ್‌ಸ್ಟೈನ್ ತನ್ನ ಗುರುತ್ವದ ಸಮೀಕರಣ ಬರೆದಾಗ, ಜರ್ಮನಿಯ ಕಾರ್ಲ್ ಶ್ವಾರ್ಟ್ಸ್‌ಶಿಲ್ಡ್ ಮೊದಲ ಮಹಾಯುದ್ಧದ ರಷ್ಯಾ ಗಡಿಯಲ್ಲಿ ಸೇನೆಯಲ್ಲಿದ್ದರು. ಅಲ್ಲೇ ಕೂತು ಒಂದು ಉತ್ತರ ಬಿಡಿಸಿ ಐನ್‌ಸ್ಟೈನ್‌ಗೆ ಕಳಿಸಿದರು. ಕೆಲವೇ ತಿಂಗಳಲ್ಲಿ, 1916ರ ಮೇನಲ್ಲಿ, ಕಾಯಿಲೆಯಿಂದ ತೀರಿಕೊಂಡರು. ಆ ಉತ್ತರದ ಹೊಟ್ಟೆಯೊಳಗೆ ಕಪ್ಪುಕುಳಿ ಇತ್ತು. ಒಂದು ಗಡಿ, ಅದರೊಳಗೆ ಹೋದದ್ದು ಬೆಳಕಾದರೂ ವಾಪಸ್ ಬರಲ್ಲ.

ಗಾತ್ರ ಅಂದಾಜಿಗೆ ಸಿಗಲಿ ಅಂತ ಹೇಳ್ತೀನಿ. ಹತ್ತು ಸೂರ್ಯರ ತೂಕದ ಕಪ್ಪುಕುಳಿಗೆ ಆ ಗಡಿ ಮಧ್ಯದಿಂದ 30 ಕಿ.ಮೀ. ಅಷ್ಟೇ. ಸಕಲೇಶಪುರ ಬಸ್ ಸ್ಟ್ಯಾಂಡಿನಲ್ಲಿ ಮಧ್ಯ ಇಟ್ಟರೆ ಆಲೂರು ಒಳಗೆ ಬೀಳುತ್ತೆ, ಹಾಸನ ಪಾರು. (ನಿಜಕ್ಕೂ ಇಟ್ಟರೆ ಹಾಸನವೂ ಪಾರಾಗಲ್ಲ, ಭೂಮಿಯೂ ಪಾರಾಗಲ್ಲ, ಅದು ಬೇರೆ ವಿಷಯ.)

ಸುಮಾರು ನಲವತ್ತು ವರ್ಷ ಹೆಚ್ಚಿನವರು ಇದನ್ನು ಕಾಗದದ ಮೇಲಿನ ಆಟ ಅಂತಲೇ ಅಂದುಕೊಂಡಿದ್ದರು. ಆಗ ಒಂದು ನ್ಯಾಯವಾದ ಪ್ರಶ್ನೆ ಬಂತು: ಇಂಥದ್ದು ಇದ್ದರೂ ಉಳಿಯುತ್ತಾ? ಪೆನ್ಸಿಲನ್ನು ಮೊನೆ ಮೇಲೆ ನಿಲ್ಲಿಸಬಹುದು ಅಂತ ಲೆಕ್ಕ ಹೇಳುತ್ತೆ. ಆದರೆ ಉಸಿರು ತಾಗಿದರೆ ಬೀಳುತ್ತೆ. ಕಪ್ಪುಕುಳಿಯೂ ಹಾಗೇನಾ? ಸಣ್ಣಗೆ ತಟ್ಟಿದರೆ ಮೊದಲಿನ ಸ್ಥಿತಿಗೆ ಬರುತ್ತಾ, ಇಲ್ಲ ಕೆಟ್ಟು ಹೋಗುತ್ತಾ? ಕೆಟ್ಟು ಹೋಗೋ ಹಾಗಿದ್ದರೆ ಆಕಾಶದಲ್ಲಿ ಹುಡುಕೋದೇ ದಂಡ. ಇಟಲಿಯ ರೆಜ್ಜೆ ಮತ್ತು ಅಮೆರಿಕದ ವೀಲರ್ 1957ರಲ್ಲಿ ಈ ಲೆಕ್ಕ ಶುರು ಮಾಡಿದರು. ಪೂರ್ತಿ ಆಗಲಿಲ್ಲ.

ವೀಲರ್ ಅವರ ಶಿಷ್ಯ ಚಾರ್ಲ್ಸ್ ಮಿಸ್ನರ್, ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಮೇಷ್ಟ್ರು. ಅವರ ಹತ್ತಿರ ಪಿಎಚ್‌ಡಿಗೆ ಬಂದು ಸೇರಿದ ಹುಡುಗ ಬೆಂಗಳೂರಿನವನು.

4/9

ಸಿ. ವಿ. ವಿಶ್ವೇಶ್ವರ. ಹೆಸರು ಕೇಳಿದ ತಕ್ಷಣ ಕೆಆರ್‌ಎಸ್ ನೆನಪಿಸಿಕೊಳ್ಳಬೇಡಿ, ಅವರು ಬೇರೆ, ಇವರು ಬೇರೆ. ನಾನೂ ಮೊದಲ ಸಲ ಹುಡುಕಿದಾಗ ಮೊಬೈಲ್ ನನಗೆ ಅಣೆಕಟ್ಟೆ ತೋರಿಸಿತ್ತು.

ಹುಟ್ಟಿದ್ದು ಬೆಂಗಳೂರಿನಲ್ಲಿ, 1938ರ ಮಾರ್ಚ್ 6. ತಂದೆ ಸಿ. ಕೆ. ವೆಂಕಟರಾಮಯ್ಯ ಕನ್ನಡದ ಲೇಖಕರು. ಮನೆತುಂಬ ಕನ್ನಡ. ಮೈಸೂರು ವಿಶ್ವವಿದ್ಯಾಲಯದ ಪದವಿ, ಆಮೇಲೆ ನ್ಯೂಯಾರ್ಕಿನ ಕೊಲಂಬಿಯಾ, ಅಲ್ಲಿಂದ ಮೇರಿಲ್ಯಾಂಡ್. ಎಲ್ಲರೂ ಅವರನ್ನು ಕರೆಯುತ್ತಿದ್ದದ್ದು 'ವಿಶು' ಅಂತ.

ಅವರು ಪಿಎಚ್‌ಡಿ ಶುರು ಮಾಡಿದಾಗ 'ಬ್ಲ್ಯಾಕ್ ಹೋಲ್' ಅನ್ನೋ ಹೆಸರೇ ಚಾಲ್ತಿಯಲ್ಲಿರಲಿಲ್ಲ. ವೀಲರ್ ಅದನ್ನು ಜನಪ್ರಿಯ ಮಾಡಿದ್ದು 1967ರ ಕೊನೆಗೆ. ಅಂದರೆ ಹೆಸರೂ ಇಲ್ಲದ, ಇದೆ ಅಂತ ಯಾರೂ ಆಣೆ ಮಾಡದ ವಸ್ತುವಿನ ಮೇಲೆ ಒಬ್ಬ ಹುಡುಗ ವರ್ಷಗಟ್ಟಲೆ ಹಾಕಿದ. ನಿಮ್ಮ ಮನೆಯಲ್ಲಿ ಇದನ್ನು ಒಪ್ಪುತ್ತಾರಾ? ನಮ್ಮನೆಯಲ್ಲಂತೂ ಬಿಎಸ್ಸಿ ಫಿಸಿಕ್ಸ್ ಅಂದಿದ್ದಕ್ಕೇ ಮೂರು ದಿನ ಊಟದ ಹೊತ್ತಲ್ಲಿ ಮೌನ.

1968ರಲ್ಲಿ ಪಿಎಚ್‌ಡಿ ಮುಗಿಯಿತು. ತಿರುಗದೆ ಇರುವ ಕಪ್ಪುಕುಳಿಯನ್ನು ಎಷ್ಟೇ ಸಣ್ಣಗೆ ಅಲುಗಾಡಿಸಿದರೂ ಅದು ಕೆಡೋದಿಲ್ಲ, ನೆಲೆಗೆ ಮರಳುತ್ತೆ ಅಂತ ವಿಶು ತೋರಿಸಿದರು. ಆ ಲೆಕ್ಕ 1970ರಲ್ಲಿ ಪ್ರಕಟವಾಯಿತು. ಪೆನ್ಸಿಲ್ ಅಲ್ಲ, ಬಟ್ಟಲಿನ ತಳದ ಗೋಲಿ. ಹಾಗಾಗಿ ಆಕಾಶದಲ್ಲಿ ಇದನ್ನು ಹುಡುಕಬಹುದು.

5/9

ಇದು ಈ ಸರಣಿಯ ಮುಖ್ಯ ಪೋಸ್ಟ್, ಸ್ವಲ್ಪ ಉದ್ದ. ಚಹಾ ತಗೊಂಡು ಬನ್ನಿ.

ಮುಂದಿನ ಪ್ರಶ್ನೆ ಅವರನ್ನು ಹಿಡಿದುಕೊಂಡಿತು: ಒಂಟಿ ಕಪ್ಪುಕುಳಿಯನ್ನು ಹೇಗೆ ಪತ್ತೆ ಮಾಡೋದು? ಪಕ್ಕದಲ್ಲಿ ನುಂಗೋಕೆ ನಕ್ಷತ್ರವಿಲ್ಲ, ಅನಿಲವಿಲ್ಲ. ಕತ್ತಲಲ್ಲಿ ಕತ್ತಲು.

ಹಳೇ ಬಾವಿ ಎಷ್ಟು ಆಳ ಇದೆ ಅಂತ ನೋಡೋಕೆ ಏನು ಮಾಡ್ತೀವಿ? ಬಗ್ಗಿ ನೋಡಿದರೆ ಬರೀ ಕಪ್ಪು. ಒಂದು ಕಲ್ಲು ಹಾಕಿ ಕಿವಿ ಕೊಡ್ತೀವಿ. ವಿಶು ಮಾಡಿದ್ದೂ ಅದನ್ನೇ, ಆದರೆ ಕಂಪ್ಯೂಟರಿನಲ್ಲಿ. ಕಲ್ಲಿನ ಬದಲು ಗುರುತ್ವ ಅಲೆಯ ಒಂದೊಂದು ಗುಡ್ಡೆಯನ್ನು ಕಪ್ಪುಕುಳಿಯ ಕಡೆ ಎಸೆದು, ಏನು ವಾಪಸ್ ಬರುತ್ತೆ ಅಂತ ಲೆಕ್ಕ ಮಾಡಿದರು.

ಗುರುತ್ವ ಅಲೆ ಅಂದ್ರೆ ಏನು ಅಂತ ಒಂದೇ ಮಾತಲ್ಲಿ: ಭಾರವಾದ ವಸ್ತುಗಳು ಜೋರಾಗಿ ಅಲುಗಾಡಿದಾಗ ದೇಶಕಾಲವೇ ಒಂಚೂರು ಹಿಗ್ಗಿ ಕುಗ್ಗುತ್ತೆ, ಆ ಹಿಗ್ಗು ಕುಗ್ಗು ಬೆಳಕಿನ ವೇಗದಲ್ಲಿ ಹರಡುತ್ತೆ. ಕೆರೆ ನೀರಿನ ಅಲೆಗೆ ನೀರು ಬೇಕು. ಇದಕ್ಕೆ ಏನೂ ಬೇಡ, ಜಾಗವೇ ಅಲೆ.

ಮೊದಲು ಅಗಲವಾದ ಅಲೆ ಎಸೆದರು. ವಿಶೇಷ ಏನೂ ಬರಲಿಲ್ಲ. ಹೋದದ್ದು ಹೋಯಿತು, ಮರಳಿದ್ದು ಮರಳಿತು. ಇಲ್ಲಿಗೆ ಬಿಟ್ಟಿದ್ದರೆ ಈ ಸರಣಿ ಇರ್ತಿರಲಿಲ್ಲ. ಅವರು ಅಲೆಯನ್ನು ಕಿರಿದು ಮಾಡುತ್ತಾ ಹೋದರು. ಅಲೆಯ ಅಗಲ ಕಪ್ಪುಕುಳಿಯ ಗಾತ್ರಕ್ಕೆ ಹತ್ತಿರ ಬಂದಾಗ ಚಿತ್ರ ಬದಲಾಯ್ತು. ವಾಪಸ್ ಬಂದ ಅಲೆಯ ಬಾಲದಲ್ಲಿ ಒಂದೇ ಲಯದ ಏರಿಳಿತ, ಬೇಗ ಬೇಗ ಸಣ್ಣದಾಗುತ್ತಾ ಅಡಗಿಹೋಗುವ ಏರಿಳಿತ. ದೇವಸ್ಥಾನದ ಗಂಟೆ ಹೊಡೆದು ಬಿಟ್ಟ ಮೇಲೆ ಉಳಿಯೋ ನಾದದ ಹಾಗೆ.

ಇದರಲ್ಲಿ ನನಗೆ ಮೈ ಜುಂ ಅನಿಸಿದ ಸಂಗತಿ ಮುಂದಿದೆ. ಗಂಟೆಯನ್ನು ಕೈಯಿಂದ ಹೊಡೀರಿ, ಕೋಲಿಂದ ಹೊಡೀರಿ, ಕೊನೆಗೆ ಉಳಿಯೋ ಸ್ವರ ಗಂಟೆಯದ್ದೇ, ಹೊಡೆದವರದ್ದಲ್ಲ. ಕಪ್ಪುಕುಳಿಯೂ ಹಾಗೇ. ಏನಿಂದ ತಟ್ಟಿದಿರಿ ಅನ್ನೋದು ಮರೆತುಹೋಗುತ್ತೆ. ಸ್ವರ ಎಷ್ಟು, ಎಷ್ಟು ಬೇಗ ಅಡಗುತ್ತೆ, ಎರಡನ್ನೂ ತಿರುಗದ ಕಪ್ಪುಕುಳಿಯ ತೂಕ ಒಂದೇ ನಿರ್ಧಾರ ಮಾಡುತ್ತೆ. ಹತ್ತು ಸೂರ್ಯರ ತೂಕದ್ದಾದರೆ ಸೆಕೆಂಡಿಗೆ ಸುಮಾರು 1200 ಕಂಪನ. ನೂರು ಸೂರ್ಯರದ್ದಾದರೆ 120. ದೊಡ್ಡ ಗಂಟೆಗೆ ದಪ್ಪ ದನಿ ಅಂತ ಅಜ್ಜಿ ಹೇಳಿದ್ದೇ. ಮತ್ತೆ ಇದು ಬಹಳ ಬೇಗ ಸಾಯೋ ನಾದ. ಹತ್ತು ಸೂರ್ಯರದ್ದು ಅರ್ಧ ಮಿಲಿಸೆಕೆಂಡಿನ ಆಸುಪಾಸಿನಲ್ಲೇ ಮೂರನೇ ಒಂದಕ್ಕೆ ಇಳಿದುಬಿಡುತ್ತೆ. ಕಪ್ಪುಕುಳಿ ತಿರುಗುತ್ತಿದ್ದರೆ ಸ್ವರ ಮೇಲೇರುತ್ತೆ, ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೆ. ಅಂದರೆ ಸದ್ದು ಕೇಳಿ ತೂಕವನ್ನೂ ಹೇಳಬಹುದು, ತಿರುಗುವಿಕೆಯನ್ನೂ ಹೇಳಬಹುದು.

1970ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಇದು ಬಂತು. ಮೂರೇ ಪುಟ.

ಮುಂದಿನ ವರ್ಷ ವಿಲಿಯಂ ಪ್ರೆಸ್ ಈ ಸ್ವರಗಳಿಗೆ 'ಕ್ವಾಸಿ-ನಾರ್ಮಲ್ ಮೋಡ್' ಅಂತ ಹೆಸರಿಟ್ಟರು. 1975ರಲ್ಲಿ ಡೆಟ್ವೈಲರ್ ಜೊತೆ ಕೂತು ಅವುಗಳ ಪಟ್ಟಿಯನ್ನು ಲೆಕ್ಕ ಹಾಕಿದವರು ಯಾರು ಗೊತ್ತಾ? ಎಸ್. ಚಂದ್ರಶೇಖರ್. ಪ್ರದರ್ಶನದಲ್ಲಿ ನಾನು ಹೇಳಿದ ಹೆಸರು! ಅವರ ಹೆಸರು ಹೇಳಿದವನಿಗೆ ಅದೇ ದಾರಿಯಲ್ಲಿ ಐದು ವರ್ಷ ಮೊದಲು ನಡೆದ ಬೆಂಗಳೂರಿನವರು ಗೊತ್ತಿರಲಿಲ್ಲ.

6/9

ಈಗ ಒಂದು ಬೇಜಾರಿನ ಕಥೆ, ಆದರೆ ಬಿಡೋ ಹಾಗಿಲ್ಲ.

ವಿಶು ಓದಿದ ಅದೇ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಜೋಸೆಫ್ ವೆಬರ್ ಅಂತ ಇದ್ದರು. ಗುರುತ್ವ ಅಲೆ ಹಿಡಿಯೋಕೆ ಯಂತ್ರ ಕಟ್ಟಿದ ಮೊದಲ ಮನುಷ್ಯ. ಯಂತ್ರ ಅಂದರೆ ಟನ್‌ಗೂ ಮೀರಿದ ತೂಕದ ಅಲ್ಯೂಮಿನಿಯಂ ಉರುಳೆ. ಅಲೆ ಹಾದು ಹೋದರೆ ಅದು ಮೊಳಗಬೇಕು. ಒಂದು ಮೇರಿಲ್ಯಾಂಡಿನಲ್ಲಿ, ಇನ್ನೊಂದು ಶಿಕಾಗೋ ಹತ್ತಿರ. 1969ರಲ್ಲಿ "ಎರಡೂ ಒಟ್ಟಿಗೆ ಮೊಳಗಿದವು" ಅಂತ ವೆಬರ್ ಘೋಷಿಸಿದರು. ಜಗತ್ತೇ ಎದ್ದು ನಿಂತಿತು. ಬೇರೆ ದೇಶದವರೂ ಉರುಳೆ ಕಟ್ಟಿದರು. ಯಾರಿಗೂ ಏನೂ ಕೇಳಲಿಲ್ಲ. ವೆಬರ್ ಒಪ್ಪಲಿಲ್ಲ. 2000ದಲ್ಲಿ ತೀರಿಕೊಳ್ಳುವವರೆಗೂ ತಾನು ಕೇಳಿದ್ದು ನಿಜ ಅಂತಲೇ ಇದ್ದರು.

ಒಂದೇ ಕ್ಯಾಂಪಸ್ಸು ನೋಡಿ. ಒಬ್ಬರ ಹತ್ತಿರ ಕೇಳುವ ಯಂತ್ರ ಇತ್ತು, ಕೇಳಿಸಿದ್ದು ಸುಳ್ಳಾಯಿತು. ಇನ್ನೊಬ್ಬರ ಹತ್ತಿರ ನಿಜವಾದ ಸ್ವರ ಇತ್ತು, ಕೇಳುವ ಯಂತ್ರ ಎಲ್ಲೂ ಇರಲಿಲ್ಲ.

ವೆಬರ್ ಅವರನ್ನು ನಗೆಪಾಟಲು ಮಾಡೋರನ್ನು ಕಂಡರೆ ನನಗಾಗಲ್ಲ. ಅವರು ಧೈರ್ಯ ಮಾಡಿ ಶುರು ಮಾಡದಿದ್ದರೆ ಬೇರೆಯವರು ಇದು ಆಗುವ ಕೆಲಸ ಅಂತ ಯೋಚಿಸ್ತಾನೂ ಇರಲಿಲ್ಲ. ಎರಡು ದೂರದ ಜಾಗದಲ್ಲಿ ಒಟ್ಟಿಗೆ ಕೇಳಬೇಕು ಅನ್ನೋ ನಿಯಮ ಅವರು ಪಾಲಿಸಿದ್ದೇ. ಯಾಕೆ ಎರಡು ಬೇಕು ಅಂತ ಘಾಟಿ ರೈಲು ಹಳಿ ಪಕ್ಕದ ಮನೆಯವರಿಗೆ ಗೊತ್ತಿರುತ್ತೆ. ಗೂಡ್ಸ್ ಹೋದಾಗ ಅಡುಗೆಮನೆ ಲೋಟ ಎಲ್ಲ ಕಣಕಣ ಅನ್ನುತ್ತೆ. ನಿಮ್ಮನೆ ಲೋಟ ಮಾತ್ರ ಅಂದರೆ ಅದು ರೈಲು. ಅದೇ ಕ್ಷಣಕ್ಕೆ, ಅದೇ ಲಯದಲ್ಲಿ ಕಲಬುರಗಿಯ ನಿಮ್ಮ ಅತ್ತೆ ಮನೆ ಲೋಟವೂ ಕಣಕಣ ಅಂದರೆ, ಅದು ರೈಲಲ್ಲ.

7/9

ಫೋಟೋ 7: ಬೆಂಗಳೂರಿನ ಜವಾಹರಲಾಲ್ ನೆಹರು ತಾರಾಲಯ. ಸ್ಕೂಲ್ ಟ್ರಿಪ್‌ನಲ್ಲಿ ನಾವು ಹೋಗಿ, ಕುರ್ಚಿ ಹಿಂದಕ್ಕೆ ಬಗ್ಗುತ್ತೆ ಅಂತ ಕುಣಿದಿದ್ದು ನೆನಪಿದೆಯಾ?

ಆ ತಾರಾಲಯದ ಸ್ಥಾಪಕ ನಿರ್ದೇಶಕರು ಇವರೇ.

1976ರಲ್ಲಿ ವಿಶು ಭಾರತಕ್ಕೆ ವಾಪಸ್ ಬಂದು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆ ಸೇರಿದರು. ಆಮೇಲೆ ಭಾರತೀಯ ಖಭೌತ ಸಂಸ್ಥೆ. 1989ರಲ್ಲಿ ತಾರಾಲಯ ತೆರೆಯಿತು. ಕಪ್ಪುಕುಳಿ ಲೆಕ್ಕ ಮಾಡಿದ ಮನುಷ್ಯ ಮಕ್ಕಳ ಪ್ರದರ್ಶನಕ್ಕೆ ಸ್ಕ್ರಿಪ್ಟ್ ಬರೆಯುತ್ತಾ ಕೂತರು. ವ್ಯಂಗ್ಯಚಿತ್ರ ಬಿಡಿಸುತ್ತಿದ್ದರು, ವಿಜ್ಞಾನ ಸಮ್ಮೇಳನಗಳಿಗೂ. ಅವರ ಪುಸ್ತಕವೊಂದರ ಹೆಸರಿನಲ್ಲಿ ಸ್ನಾನದ ತೊಟ್ಟಿಯ ನೊರೆಯೊಳಗೆ ಕಪ್ಪುಕುಳಿಗಳಿವೆ. ಕ್ವಾಸಿ-ನಾರ್ಮಲ್ ಮೋಡ್ ಅನ್ನೋದರ ಮೇಲೆ ಅವರಿಗೆ ಒಂದು ತಮಾಷೆ ಹೆಸರೂ ಅಂಟಿತ್ತು: ಕಪ್ಪುಕುಳಿಗಳ ಕ್ವಾಸಿಮೋಡೋ. ಫ್ರೆಂಚ್ ಕಾದಂಬರಿಯಲ್ಲಿ ಚರ್ಚಿನ ಗಂಟೆ ಬಾರಿಸುವವನು ಕ್ವಾಸಿಮೋಡೋ.

ಇದರ ನಡುವೆ ಬೆಂಗಳೂರಿನಲ್ಲಿ ಈ ವಿದ್ಯೆ ಮುಂದುವರಿಯುತ್ತಲೇ ಇತ್ತು. ಅದೇ ರಾಮನ್ ಸಂಸ್ಥೆಯ ಬಾಲಾ ಅಯ್ಯರ್ ಫ್ರಾನ್ಸಿನವರ ಜೊತೆ ಸೇರಿ, ಎರಡು ಕಪ್ಪುಕುಳಿ ಸುತ್ತುತ್ತಾ ಹತ್ತಿರ ಬರುವಾಗ ಅಲೆ ಹೇಗಿರುತ್ತೆ ಅಂತ ಲೆಕ್ಕ ಮಾಡಿದರು. ಹೆಸರಿನ ಮೊದಲ ಅಕ್ಷರದಲ್ಲೇ ಬೆಂಗಳೂರು ಇಟ್ಟುಕೊಂಡ ಬಿ. ಎಸ್. ಸತ್ಯಪ್ರಕಾಶ್, ಪುಣೆಯ ಸಂಜೀವ್ ಧುರಂಧರ್ ಜೊತೆ 1991ರಲ್ಲಿ, ಗದ್ದಲದ ಡೇಟಾದಿಂದ ಗೊತ್ತಿರುವ ಆಕಾರದ ಅಲೆಯನ್ನು ಹೆಕ್ಕೋದು ಹೇಗೆ ಅಂತ ಬರೆದರು. ಜಾತ್ರೆ ಗದ್ದಲದಲ್ಲೂ ಅಮ್ಮನ ದನಿ ಮಾತ್ರ ಕೇಳುತ್ತಲ್ಲ, ಆ ಉಪಾಯ. ದನಿ ಮೊದಲೇ ಗೊತ್ತಿರಬೇಕು ಅನ್ನೋದೇ ಅದರ ಗುಟ್ಟು.

ಒಂದು ಮಾತು ಇಲ್ಲಿ ಹೇಳಬೇಕು. ಇದು "ಎಲ್ಲಾ ನಮ್ಮವರೇ ಕಂಡುಹಿಡಿದಿದ್ದು" ಅನ್ನೋ ಫಾರ್ವರ್ಡ್ ಮೆಸೇಜ್ ಅಲ್ಲ ಕಣ್ರೋ. ಸಾವಿರಾರು ಜನರ ಕೆಲಸ. ಅದರಲ್ಲಿ ಒಂದು ಮುಖ್ಯ ಎಳೆ ಬೆಂಗಳೂರಿನದು, ಆ ಎಳೆ ನಮ್ಮ ಚಾರ್ಟುಗಳಲ್ಲಿಲ್ಲ ಅನ್ನೋದಷ್ಟೇ ನನ್ನ ತಕರಾರು.

8/9

2015ರ ಸೆಪ್ಟೆಂಬರ್ 14, ಸೋಮವಾರ. ಗಣೇಶ ಹಬ್ಬಕ್ಕೆ ಇನ್ನು ಮೂರು ದಿನ. ನಮ್ಮ ಗಡಿಯಾರದಲ್ಲಿ ಮಧ್ಯಾಹ್ನ 3 ಗಂಟೆ 20 ನಿಮಿಷ. ನಾವೆಲ್ಲ ಆಗ ಚಿಕ್ಕವರು, ಕೊನೇ ಪೀರಿಯಡ್ ಮುಗಿಯೋದನ್ನು ಕಾಯ್ತಾ ಕೂತಿದ್ದಿರಬಹುದು.

ಆ ಕ್ಷಣ ಒಂದು ಅಲೆ ಭೂಮಿಯನ್ನು ಹಾದು ಹೋಯಿತು. ಮಂಜರಾಬಾದ್ ಕೋಟೆ, ಹೇಮಾವತಿ, ನಮ್ಮ ಕ್ಲಾಸ್‌ರೂಮು, ನಾವು, ಎಲ್ಲವನ್ನೂ ಹಾದು. ಯಾರಿಗೂ ಗೊತ್ತಾಗಲಿಲ್ಲ. ಗೊತ್ತಾದದ್ದು ಅಮೆರಿಕದ ಎರಡು ಯಂತ್ರಗಳಿಗೆ ಮಾತ್ರ.

ಅದರ ಹೆಸರು ಲೈಗೋ. ಇಂಗ್ಲಿಷಿನ ಎಲ್ ಅಕ್ಷರದ ಥರ ಎರಡು ತೋಳು, ಒಂದೊಂದು 4 ಕಿ.ಮೀ. ಉದ್ದ. ಒಳಗೆ ಗಾಳಿಯೇ ಇಲ್ಲ. ಒಂದು ಲೇಸರ್ ಬೆಳಕನ್ನು ಸೀಳಿ ಎರಡೂ ತೋಳಿಗೆ ಕಳಿಸ್ತಾರೆ, ಕೊನೆಯಲ್ಲಿ ತೂಗುಬಿಟ್ಟ 40 ಕೆ.ಜಿ.ಯ ಕನ್ನಡಿಗೆ ಬಡಿದು ವಾಪಸ್ ಬರುತ್ತೆ. ಎರಡು ದಾರಿಯೂ ಸರಿಸಮ ಇದ್ದರೆ ಎರಡು ಬೆಳಕೂ ಒಂದನ್ನೊಂದು ಅಳಿಸಿಕೊಂಡು ಕತ್ತಲಾಗುತ್ತೆ. ಗುರುತ್ವ ಅಲೆ ಬಂದರೆ ಒಂದು ತೋಳು ಹಿಗ್ಗಿ ಇನ್ನೊಂದು ಕುಗ್ಗುತ್ತೆ, ಬೆಳಕು ಇಣುಕುತ್ತೆ. ಆ ಹಿಗ್ಗು ಎಷ್ಟು ಅಂದ್ರೆ ಒಂದು ಪ್ರೋಟಾನಿನ ಅಗಲದ ನೂರಾರು ಭಾಗದಲ್ಲಿ ಒಂದು ಭಾಗ. ಇಂಥ ಯಂತ್ರಕ್ಕೆ ಲಾರಿ ಹೋದರೂ ತೊಂದರೆ, ದೂರದ ಸಮುದ್ರದ ಅಲೆಯೂ ತೊಂದರೆ. 2017ರಲ್ಲಿ ಒಂದು ವಿಚಿತ್ರ ಗದ್ದಲ ಬರ್ತಿತ್ತಂತೆ. ಹೊರಗೆ ಹೋಗಿ ನೋಡಿದರೆ, ಪೈಪಿನ ಮೇಲೆ ಕಟ್ಟಿದ ಮಂಜುಗಡ್ಡೆಯನ್ನು ಕಾಡುಕಾಗೆಗಳು ಕುಕ್ಕಿ ತಿಂತಾ ಇದ್ದವು.

ಲಿವಿಂಗ್‌ಸ್ಟನ್‌ನ ಯಂತ್ರಕ್ಕೆ ಮೊದಲು ತಾಗಿತು. ಸುಮಾರು 7 ಮಿಲಿಸೆಕೆಂಡ್ ಬಿಟ್ಟು, 3000 ಕಿ.ಮೀ. ಆಚೆಯ ಹ್ಯಾನ್‌ಫರ್ಡ್‌ಗೆ. ಒಂದೇ ಆಕಾರ. ಅಂದರೆ ರೈಲಲ್ಲ! ಆಗಿನ್ನೂ ಯಂತ್ರದ ಪರೀಕ್ಷೆ ನಡೀತಿತ್ತು, ಅಧಿಕೃತ ವೀಕ್ಷಣೆ ಶುರುವಾಗೋಕೆ ಕೆಲವು ದಿನ ಬಾಕಿ. ಜರ್ಮನಿಯಲ್ಲಿ ಕೂತು ಮೊದಲು ಇದನ್ನು ಗಮನಿಸಿದ ಮಾರ್ಕೋ ಡ್ರಾಗೋ, ಯಾರೋ ಪರೀಕ್ಷೆಗೆ ಅಂತ ಸುಳ್ಳು ಅಲೆ ಹಾಕಿರಬೇಕು ಅಂದುಕೊಂಡರು. ಯಾರೂ ಹಾಕಿರಲಿಲ್ಲ.

ತಿಂಗಳುಗಟ್ಟಲೆ ಪರೀಕ್ಷಿಸಿ 2016ರ ಫೆಬ್ರವರಿ 11ರಂದು ಹೇಳಿದರು. 130 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಎರಡು ಕಪ್ಪುಕುಳಿ, ಒಂದು 36 ಸೂರ್ಯ, ಇನ್ನೊಂದು 29 ಸೂರ್ಯ, ಸುತ್ತಿ ಸುತ್ತಿ ಡಿಕ್ಕಿ ಹೊಡೆದು 62 ಸೂರ್ಯರ ಒಂದೇ ಕಪ್ಪುಕುಳಿ ಆಯಿತು. ಲೆಕ್ಕ ತಾಳೆ ಆಗ್ತಿಲ್ಲ ಅಲ್ವಾ? ಮಿಕ್ಕ ಮೂರು ಸೂರ್ಯರ ತೂಕ ಪೂರ್ತಿ ಅಲೆಯಾಗಿ ಹೋಯಿತು. ಎಲ್ಲ ಸೇರಿ 0.2 ಸೆಕೆಂಡ್.

ಆ ಅಲೆಯ ಚಿತ್ರದ ಬಲತುದಿ ಝೂಮ್ ಮಾಡಿ ನೋಡಿ. ಏರಿ ಏರಿ ಹೋಗಿ, ಥಟ್ಟನೆ ಅಡಗುತ್ತೆ. ಸೆಕೆಂಡಿಗೆ ಸುಮಾರು 250 ಕಂಪನ, ಹಾರ್ಮೋನಿಯಂನ ಬಿಳಿ ಒಂದರ ಮನೆಗಿಂತ ಒಂಚೂರು ಕೆಳಗೆ. ಹೊಸದಾಗಿ ಹುಟ್ಟಿದ ಕಪ್ಪುಕುಳಿ ನೆಲೆಗೆ ಕೂರುವ ಮೊಳಗು. 1970ರ ಮೂರು ಪುಟದಲ್ಲಿದ್ದ ಬಾಲ ಅದು.

9/9

ವಿಶು ಅವರಿಗೆ ಆಗ 77 ದಾಟಿತ್ತು. ಬೆಂಗಳೂರಿನಲ್ಲೇ ಇದ್ದರು. ನೋಡಿದರು.

ಅದೇ ಊರಿನ ಇನ್ನೊಂದು ಮೂಲೆ, ಹೆಸರಘಟ್ಟ ಹೋಬಳಿಯ ಐಸಿಟಿಎಸ್ ಸಂಸ್ಥೆಯಲ್ಲಿ ಪಿ. ಅಜಿತ್ ಮತ್ತು ಅವರ ವಿದ್ಯಾರ್ಥಿಗಳು ಒಂದು ಪರೀಕ್ಷೆ ಕಟ್ಟಿದ್ದರು. ಅಲೆಯ ಮೊದಲ ಭಾಗದಿಂದ, ಅಂದರೆ ಸುತ್ತಾಟದಿಂದ, ಕೊನೆಗೆ ಹುಟ್ಟುವ ಕಪ್ಪುಕುಳಿಯ ತೂಕ ಮತ್ತು ತಿರುಗುವಿಕೆ ಅಂದಾಜು ಮಾಡಿ. ಆಮೇಲೆ ಡಿಕ್ಕಿ ಮತ್ತು ಮೊಳಗಿನ ಭಾಗದಿಂದ ಬೇರೆಯಾಗಿ ಅಂದಾಜು ಮಾಡಿ. ಐನ್‌ಸ್ಟೈನ್ ಸರಿಯಿದ್ದರೆ ಎರಡೂ ಕೂಡಬೇಕು. ಕೂಡಿದವು.

ಆದರೂ ಪ್ರಾಮಾಣಿಕವಾಗಿ ಹೇಳ್ತೀನಿ, ಆ ಮೊದಲ ಸಲದ ಮೊಳಗು ತುಂಬಾ ಕ್ಷೀಣ. ಮೂರು ನಾಲ್ಕು ಮಿಲಿಸೆಕೆಂಡಲ್ಲಿ ಗದ್ದಲದೊಳಗೆ ಮುಳುಗಿಹೋಯಿತು. ಲೆಕ್ಕದ ಜೊತೆ ಹೊಂದುತ್ತೆ ಅನ್ನಬಹುದಿತ್ತು, ಅದರಾಚೆಗೆ ಹೆಚ್ಚು ಹಿಂಡೋ ಹಾಗಿರಲಿಲ್ಲ.

ಘೋಷಣೆಯಾಗಿ ವರ್ಷ ತುಂಬುವ ಮೊದಲೇ, 2017ರ ಜನವರಿ 16ರಂದು ವಿಶ್ವೇಶ್ವರ ತೀರಿಕೊಂಡರು. ಆ ಅಕ್ಟೋಬರಿನಲ್ಲಿ ಲೈಗೋ ಕಟ್ಟಿದ ವೈಸ್, ಥಾರ್ನ್, ಬ್ಯಾರಿಶ್ ಮೂವರಿಗೆ ನೊಬೆಲ್ ಬಂತು. ಅವರ ಮಗಳು ಸ್ಮಿತಾ ವಿಶ್ವೇಶ್ವರ ಅಮೆರಿಕದ ಇಲಿನಾಯ್‌ನಲ್ಲಿ ಭೌತವಿಜ್ಞಾನಿ. ಕಪ್ಪುಕುಳಿಯಂಥದ್ದೇ ಮೊಳಗು ಎಲೆಕ್ಟ್ರಾನುಗಳ ಲೋಕದಲ್ಲೂ ಇರುತ್ತೆ ಅಂತ ಜೊತೆಯವರೊಂದಿಗೆ ಬರೆದಿದ್ದಾರೆ.

ಕೊನೇ ಫೋಟೋ ಸಂಕ್ರಾಂತಿಯದು. 2025ರ ಜನವರಿ 14, ಅಜ್ಜಿ ಮನೆ. ದನಗಳ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಎಳ್ಳುಬೆಲ್ಲ ಮುಗಿಸಿ ಊಟಕ್ಕೆ ಕೂತಿದ್ದೆವು. ಮಧ್ಯಾಹ್ನ 1 ಗಂಟೆ 52 ನಿಮಿಷಕ್ಕೆ ಇನ್ನೊಂದು ಅಲೆ ನಮ್ಮನ್ನು ಹಾದು ಹೋಗಿತ್ತು. ನಮಗೆ ಗೊತ್ತಾದದ್ದು ಸೆಪ್ಟೆಂಬರಿನಲ್ಲಿ, ಅದರ ಪ್ರಬಂಧ ಬಂದಾಗ. ಇದೂ ಮೊದಲನೆಯದರ ಹಾಗೇ, ಮೂವತ್ತು ಚಿಲ್ಲರೆ ಸೂರ್ಯರ ಎರಡು ಕಪ್ಪುಕುಳಿ. ಆದರೆ ಹತ್ತು ವರ್ಷದಲ್ಲಿ ಯಂತ್ರದ ಕಿವಿ ಚುರುಕಾಗಿತ್ತು, ಸದ್ದು ಮೂರು ಪಟ್ಟು ಸ್ಪಷ್ಟವಾಗಿ ಕೇಳಿತು. ಈ ಸಲ ಗಂಟೆಯ ಮುಖ್ಯ ಸ್ವರ ಮಾತ್ರ ಅಲ್ಲ, ಅದರ ಜೊತೆಗಿರುವ, ಇನ್ನೂ ಬೇಗ ಅಡಗುವ ಎರಡನೇ ಸ್ವರವೂ ಸಿಕ್ಕಿತು. ಎರಡೂ ತಿರುಗುವ ಕಪ್ಪುಕುಳಿಯ ಲೆಕ್ಕಕ್ಕೆ ಸರಿಹೊಂದಿದವು. ವಿಶು ಅವರ ಪುಣ್ಯತಿಥಿಗೆ ಎರಡು ದಿನ ಮೊದಲು ಬಂದ ಅಲೆ ಅದು. ಕಾಕತಾಳೀಯ ಅಷ್ಟೇ, ಆದರೂ ನಾನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟಿದ್ದೀನಿ.

ನಮ್ಮ ದೇಶಕ್ಕೂ ಇಂಥ ಒಂದು ಯಂತ್ರ ಬರ್ತಿದೆ. ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಯಲ್ಲಿ, ಬೀದರಿನಿಂದ ನೇರ ಉತ್ತರಕ್ಕೆ ಸುಮಾರು 200 ಕಿ.ಮೀ. 2023ರ ಏಪ್ರಿಲ್‌ನಲ್ಲಿ ಕೇಂದ್ರ ಸಂಪುಟ 2,600 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿದೆ. ಅಲ್ಲಿ ಕೂತು ಕೇಳೋಕೆ ಜನ ಬೇಕಾಗ್ತಾರೆ. ಮನೆಯಲ್ಲಿ ಊಟದ ಹೊತ್ತಿನ ಮೌನ ಮುರಿಯೋಕೆ ನಾನು ಬಳಸಿದ ವಾದ ಇದೇ. ಅಪ್ಪ "ಸಂಬಳ ಎಷ್ಟಂತೆ?" ಅಂದರು. ಅಂದರೆ ಮಾತುಕತೆ ಶುರುವಾಯಿತು ಅಂತ ಅರ್ಥ.

2015ರ ಅಲೆಯನ್ನು ಸದ್ದಾಗಿ ಬದಲಿಸಿದ ಆಡಿಯೋ ಸ್ಟೋರಿಯಲ್ಲಿ ಹಾಕಿದ್ದೀನಿ. ಇಯರ್‌ಫೋನ್ ಹಾಕ್ಕೊಂಡು ಕೇಳಿ, ಇಲ್ಲದಿದ್ದರೆ ಬರೀ 'ಉಪ್' ಅನ್ನುತ್ತೆ. ಅಜ್ಜಿಗೂ ಕೇಳಿಸಿದೆ. ಎರಡು ಸಲ ಕೇಳಿ, "ಬಲು ಬೇಗ ನಿಂತೋಯ್ತಲ್ಲ" ಅಂದರು.

#ಸಕಲೇಶಪುರ #ಆಲೂರು #ಕಪ್ಪುಕುಳಿ #ಗುರುತ್ವಅಲೆ #ವಿಶ್ವೇಶ್ವರ